ಗುರುವಾರದ ಮಗಳು

"ಹೋದ ಗುರುವಾರ ಮಾತಾಡಿದ್ಲಲ್ಲ," ಎಂದರು ತಾಯಿ. "ಸತ್ತವರು ಫೋನ್ ಮಾಡ್ತಾರಾ?"

ಪತ್ತೇದಾರ ಕೈಯಲ್ಲಿದ್ದ ಕನ್ನಡಕವನ್ನು ಮೇಜಿನ ಮೇಲಿಡಬೇಕೋ ಜೇಬಿಗೆ ಸೇರಿಸಬೇಕೋ ತಿಳಿಯದೆ ಹಾಗೇ ನಿಂತ. ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಮನೆಗಳಿಗೆ ಸಾವಿನ ಸುದ್ದಿ ಹೊತ್ತುಕೊಂಡು ಹೋಗಿದ್ದ. ಜನ ಅತ್ತಿದ್ದರು, ಬೈದಿದ್ದರು, ಒಬ್ಬ ತಂದೆ ಕೊರಳಪಟ್ಟಿಗೇ ಕೈ ಹಾಕಿದ್ದ. ಆದರೆ ಕುರ್ಚಿ ಎಳೆದು ಕೂರಲು ಹೇಳಿ, ಮಗ್ಗಿ ತಪ್ಪಿದ ಮಗುವನ್ನು ತಿದ್ದುವ ದನಿಯಲ್ಲಿ ಮಾತಾಡಿದವರು ಇವರೇ ಮೊದಲು.

ಅವನು ಕೂತ.

ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಮುಕ್ಕಾಲು ಭಾಗ ಒಂದು ಮೇಜೇ ತಿಂದಿತ್ತು. ಮೇಜಿನ ಮೇಲೆ ಬೆನ್ನು ಕಿತ್ತುಹೋದ ಪುಸ್ತಕಗಳು, ಗೋಂದಿನ ಡಬ್ಬಿ, ದಬ್ಬಳ, ಮೇಣ ಹಚ್ಚಿದ ದಾರ. ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಹಾಕಿ ಹೊಲಿದುಕೊಡುವುದು ತಾಯಿಯ ಕೆಲಸ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕಪ್ಪು ಟೆಲಿಫೋನು. ಅದರ ಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ.

"ಈ ಕನ್ನಡಕ ನಿಮ್ಮ ಮಗಳದ್ದು ಹೌದೋ ಅಲ್ವೋ, ಅಷ್ಟು ನೋಡಿ ಹೇಳಿ," ಎಂದ.

ತಾಯಿ ಅದನ್ನು ಬೆಳಕಿಗೆ ಹಿಡಿದರು. ಬಲಗಡೆಯ ಗಾಜಿನ ಅಂಚಿನಲ್ಲಿ, ಫ್ರೇಮಿಗೆ ತಾಗಿದ ಜಾಗದಲ್ಲಿ, ಉಗುರಿನ ಚೂರಿನಷ್ಟು ಸಣ್ಣ ಗೀರು. ಮಗಳು ಕನ್ನಡಕದಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸಕ್ಕಿದ್ದವಳು. ತಾನು ಉಜ್ಜಿದ ಪ್ರತಿ ಗಾಜಿಗೂ ಹೀಗೆ ಗುಟ್ಟಾಗಿ ಒಂದು ಗುರುತು ಹಾಕುವುದು ಅವಳ ಚಾಳಿ. ಆ ಗೀರು ಹಿಡಿದು ಪತ್ತೇದಾರ ಹತ್ತೊಂಬತ್ತು ಅಂಗಡಿ ಸುತ್ತಿದ್ದ. ಇಪ್ಪತ್ತನೆಯ ಅಂಗಡಿಯ ಯಜಮಾನ ಭೂತಗನ್ನಡಿಯಲ್ಲಿ ನೋಡಿ, "ಇದು ನಮ್ಮ ಹುಡುಗಿ ಕೈ," ಎಂದಿದ್ದ.

"ಅವಳದ್ದೇ," ಎಂದರು ತಾಯಿ. "ಎಲ್ಲೋ ಬೀಳಿಸ್ಕೊಂಡಿರ್ತಾಳೆ. ಮರೆವಿನ ಗಂಟು ಅದು."

"ಬೀಳಿಸ್ಕೊಂಡಿರಲಿಲ್ಲಮ್ಮ. ಹಾಕ್ಕೊಂಡಿದ್ಲು."

ತಾಯಿ ಕನ್ನಡಕವನ್ನು ಮಡಚಿ, ಹೊಲಿಗೆ ಮುಗಿದ ಪುಸ್ತಕಗಳ ಮೇಲೆ ಜೋಪಾನವಾಗಿ ಇಟ್ಟರು.

ಹೋದ ವರ್ಷ ಅವನು ಹಿಡಿದುಕೊಟ್ಟ ವ್ಯಾನ್ ಡ್ರೈವರ್ ಜೈಲಿನಲ್ಲಿ ಇವತ್ತಿಗೂ ಒಂದೇ ಮಾತು ಹೇಳುತ್ತಿದ್ದ: ಹೆಣ ಸಾಗಿಸಿದ್ದು ನಾನು, ಕೊಂದವರು ಬೇರೆ. ಯಾರೂ ನಂಬಿರಲಿಲ್ಲ. ಪತ್ತೇದಾರನೂ ನಂಬಿರಲಿಲ್ಲ. ಆಮೇಲೆ ಹಳೆಯ ಕಲ್ಲುಕ್ವಾರಿಯಲ್ಲಿ ಒಂದರ ಹಿಂದೆ ಒಂದರಂತೆ ಇನ್ನೂ ಮೂರು ಹೆಣ ಸಿಕ್ಕವು. ಮೂವರೂ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಕ್ಕಳು. ಒಬ್ಬಳ ಮುಖದ ಮೇಲೆ ಈ ಕನ್ನಡಕವಿತ್ತು. ಮೂವರ ಬಗ್ಗೆಯೂ ಯಾವ ಠಾಣೆಯಲ್ಲೂ ಕಾಣೆಯಾದ ದೂರು ಇರಲಿಲ್ಲ. ಮೂರು ಮನೆಗಳಲ್ಲಿ ಒಂದು ಮನೆಯೂ ಮಗಳನ್ನು ಹುಡುಕಲಿಲ್ಲ ಯಾಕೆ ಎಂಬುದು ಆರು ತಿಂಗಳಿಂದ ಅವನ ತಲೆ ಕೊರೆಯುತ್ತಿತ್ತು.

ಈಗ ಉತ್ತರ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಿತ್ತು. ವಾರವಾರ ಫೋನ್ ಮಾಡುವ ಮಗಳನ್ನು ಯಾರು ಹುಡುಕುತ್ತಾರೆ?

"ಯಾವಾಗ ಮಾಡ್ತಾಳೆ?"

"ಗುರುವಾರ. ನಾಲ್ಕು ಗಂಟೆಗೆ. ಊರು ಬಿಟ್ಟು ಹೊಸ ಕೆಲಸಕ್ಕೆ ಸೇರಿದಾಗಿಂದ ಒಂದು ವಾರಾನೂ ತಪ್ಪಿಸಿಲ್ಲ. ಹನ್ನೊಂದು ತಿಂಗಳಾಯ್ತು."

ಅವತ್ತು ಗುರುವಾರ. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಅವನು ತಾಯಿಯ ಒಪ್ಪಿಗೆ ಕೇಳಿ ಅದೇ ಫೋನಿನಿಂದ, ಎಲ್ಲರೂ ತಂತಿ ಎಂದು ಕರೆಯುವ ಸಹಾಯಕನನ್ನು ಕರೆಸಿದ. ಇಲಾಖೆಯಲ್ಲಿ ಟೆಲಿಫೋನಿನ ಕೆಲಸವೆಲ್ಲ ಅವನದೇ. ಹೆಸರು ಕೆಲಸದಿಂದ ಬಂದದ್ದಲ್ಲ, ಮೈಕಟ್ಟಿನಿಂದ ಬಂದದ್ದು. ಮೂರು ಗಂಟೆಗೆಲ್ಲ ಪೆಟ್ಟಿಗೆಯೊಂದನ್ನು ಹೊತ್ತು ಮೂರು ಮಹಡಿ ಹತ್ತಿ ಬಂದ. ಜೊತೆಗೆ ಬಂದ ಇಬ್ಬರು ಮಫ್ತಿ ಪೇದೆಗಳು ಕೆಳಗೆ ಗೇಟಿನ ಹತ್ತಿರ ಉಳಿದರು.

"ಸರ್, ಈ ಪೆಟ್ಟಿಗೆಗೂ ನನಗೂ ಒಂದೇ ತೂಕ," ಎಂದು ಏದುಸಿರು ಬಿಟ್ಟ. "ಯಾರು ಯಾರನ್ನ ಹೊತ್ತು ತಂದ್ರು ಗೊತ್ತಾಗ್ತಿಲ್ಲ."

ತಾಯಿ ಅವನಿಗೆ ನೀರು ಕೊಟ್ಟರು. ಅವನು ಕುಡಿದು, ಒಳಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿ, ವೈರು ಎಳೆದುಕೊಂಡು ಫೋನಿನ ಹತ್ತಿರ ಬಂದು ಮಂಡಿಯೂರಿದ.

ಆಗ ತಾಯಿ ಫೋನಿನ ಮೇಲೆ ಅಂಗೈ ಊರಿದರು.

"ಬೇಡ."

"ಅಮ್ಮ, ಅದಕ್ಕೇನೂ ಆಗಲ್ಲ. ಮಾತು ಕೇಳಿಸ್ಕೊಳ್ಳೋದಷ್ಟೇ. ಎಲ್ಲಿಂದ ಬರ್ತಿದೆ ಅಂತ ಎಕ್ಸ್‌ಚೇಂಜಿನವರು ಹುಡುಕ್ತಾರೆ. ನಾಲ್ಕು ನಿಮಿಷ ಮಾತಾಡಿದ್ರೆ ಸಾಕು."

"ಅದಕ್ಕೇ ಬೇಡ ಅಂದಿದ್ದು."

ತಂತಿ ಪತ್ತೇದಾರನ ಮುಖ ನೋಡಿದ. ಪತ್ತೇದಾರ ಕಣ್ಣಲ್ಲೇ ಸನ್ನೆ ಮಾಡಿದ ಮೇಲೆ ಒಳಕೋಣೆಗೆ ಹೋದ.

"ನಿಮಗೆ ಗೊತ್ತು," ಎಂದ ಪತ್ತೇದಾರ ನಿಧಾನವಾಗಿ. "ಮಾತಾಡ್ತಿರೋದು ನಿಮ್ಮ ಮಗಳಲ್ಲ ಅಂತ."

ತಾಯಿ ಕೈ ತೆಗೆಯಲಿಲ್ಲ. ಗೋಂದು ಒಣಗಿ ಬೆರಳ ತುದಿಗಳು ಬೆಳ್ಳಗಾಗಿದ್ದವು.

"ಮೊದಲ ಹತ್ತು ಗುರುವಾರ ಅವಳೇ," ಎಂದರು ಕೊನೆಗೆ. "ಹನ್ನೊಂದನೇದು ಅವಳಲ್ಲ."

ಪತ್ತೇದಾರ ಮನಸ್ಸಿನಲ್ಲೇ ತಾರೀಖು ಎಣಿಸಿದ. ಶವಪರೀಕ್ಷೆ ಮಾಡಿದ ಡಾಕ್ಟರು ಹದಿನೈದು ದಿನ ಹಿಂದುಮುಂದು ಹೇಳಿದ್ದನ್ನು ಈ ಹೆಂಗಸು ಒಂದು ವಾರದೊಳಕ್ಕೆ ತಂದು ನಿಲ್ಲಿಸಿದ್ದರು.

"ದನಿ ಬೇರೆ ಇತ್ತಾ?"

"ದನಿ ಅದೇ. ಉಸಿರು ತಗೊಳ್ಳೋದೂ ಅದೇ. ಮಾತಿನ ಮಧ್ಯೆ ಮೂಗೆಳೆಯೋದೂ ಅದೇ. ಆದ್ರೆ ನನ್ನ ಮಗಳು ಯಾವತ್ತಾದ್ರೂ ನಾನು ಮಾತು ಮುಗಿಸೋವರೆಗೆ ಕಾದವಳಾ? 'ಸರಿ ಇಡ್ತೀನಿ' ಅನ್ನೋದು, ನಾನು ಇನ್ನೂ ಏನೋ ಹೇಳ್ತಾ ಇರೋ ಹಾಗೇ ಇಟ್ಬಿಡೋದು. ಇಪ್ಪತ್ನಾಲ್ಕು ವರ್ಷ ಅದೇ ಜಗಳ ನಮಗೆ. ಆ ಗುರುವಾರ ಅವಳು ಇಡಲಿಲ್ಲ. ನಾನೇ ಇಡಲಿ ಅಂತ ಕಾದ್ಲು. ನಾನೂ ಇಡಲಿಲ್ಲ. ಇಬ್ಬರೂ ಸುಮ್ಮನೆ ಹಿಡ್ಕೊಂಡು ಕೂತಿದ್ವಿ."

"ಆವತ್ತೇ ಠಾಣೆಗೆ ಯಾಕೆ ಬರಲಿಲ್ಲ?"

"ಬಂದಿದ್ರೆ ನೀವು ಆವತ್ತೇ ಬರ್ತಿದ್ರಿ. ಕನ್ನಡಕ ಹಿಡ್ಕೊಂಡು."

ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಷಟರ್ ಎತ್ತಿದ ಸದ್ದಾಯಿತು.

"ನನ್ನನ್ನ ಹುಚ್ಚಿ ಅನ್ಕೋಬೇಡಿ," ಎಂದರು ತಾಯಿ. "ಮೊದಮೊದಲು ನನಗೆ ಆ ದನಿ ಬೇಕಿತ್ತು, ಅಷ್ಟೇ. ಯಾರದಾದ್ರೂ ಆಗಲಿ, ನನ್ನ ಪುಟ್ಟಿ ಹಾಗೆ ಅಮ್ಮಾ ಅಂದ್ರೆ ಸಾಕಿತ್ತು. ವಾರದಲ್ಲಿ ಆರು ದಿನ ಪುಸ್ತಕ ಹೊಲಿಯೋದು, ಏಳನೇ ದಿನಕ್ಕೆ ಕಾಯೋದು. ಆಮೇಲೆ ಆ ಹುಡುಗಿ ಬಗ್ಗೆನೇ ಯೋಚನೆ ಶುರುವಾಯ್ತು. ಅವಳಿಗೆ ಕೆಮ್ಮು. ಹೋದ ಚಳಿಗಾಲದಲ್ಲಿ ಎರಡು ತಿಂಗಳು ಕೆಮ್ಮಿದ್ಲು, ಔಷಧಿ ಕೊಡೋರಿಲ್ಲ. ನನ್ನ ಮೊಣಕಾಲು ನೋವು ಹೇಗಿದೆ ಅಂತ ಕೇಳ್ತಾಳೆ. ನನ್ನ ಮಗಳು ಒಂದು ದಿನ ಕೇಳಿದವಳಲ್ಲ. ಬಡಪಾಯಿ, ಯಾರ ಮನೆ ಮಗುವೋ."

"ಬಲವಂತಕ್ಕೆ ಮಾತಾಡ್ತಾಳೆ ಅಂತೀರಾ?"

"ಹಿಂದೆ ಯಾರೋ ನಿಂತಿರ್ತಾರೆ. ಪುಟ ತಿರುಗಿಸೋ ಸದ್ದು ಬರುತ್ತೆ. ಹೊಲಿಗೆ ಸಡಿಲಾದ ನೋಟ್‌ಬುಕ್ಕು. ಹಾಳೆ ಪೂರ್ತಿ ತಿರುಗಲ್ಲ, ಜಾರುತ್ತೆ. ಆ ಸದ್ದು ನನಗೆ ಗೊತ್ತಾಗಲ್ವಾ? ನಾನು ಏನಾದ್ರೂ ಹಳೇದು ಕೇಳಿದ ತಕ್ಷಣ ಪುಟ ತಿರುಗುತ್ತೆ. ಆಮೇಲೆ ಅವಳು ಉತ್ತರ ಹೇಳ್ತಾಳೆ."

ಪತ್ತೇದಾರನ ಬೆನ್ನು ನೆಟ್ಟಗಾಯಿತು. ಮೊದಲ ಹತ್ತು ವಾರ ಮಗಳನ್ನು ಬದುಕಿಸಿಟ್ಟುಕೊಂಡಿದ್ದು ಯಾಕೆ ಎಂದು ಈಗ ಅರ್ಥವಾಯಿತು. ಅವಳ ನೆನಪುಗಳಿಂದ ನೋಟ್‌ಬುಕ್ಕು ತುಂಬಬೇಕಿತ್ತು.

"ಅವಳೇ ಮಾತಾಡ್ತಿದ್ದ ಹತ್ತು ವಾರದಲ್ಲಿ ಜೊತೆಗಿರೋರ ಬಗ್ಗೆ ಏನಾದ್ರೂ ಹೇಳಿದ್ಲಾ?"

"ಒಂದೇ ಸಲ. ಒಂಬತ್ತನೇ ವಾರ. ಕೆಲಸ ಕೊಡಿಸಿದ ಅಕ್ಕನ ಮನೆಯಲ್ಲೇ ಇದೀನಿ ಅಂದ್ಲು. 'ಅವರಿಗೆ ನಾನು ಮಾತಾಡೋದು ಅಂದ್ರೆ ತುಂಬಾ ಇಷ್ಟ ಅಮ್ಮಾ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸ್ತಾರೆ' ಅಂತ ನಕ್ಕಳು. ಆ ನಗು ಅಷ್ಟು ಸರಿ ಇರಲಿಲ್ಲ. ನಾನು ಅವಸರದಲ್ಲಿದ್ದೆ. ಗೋಂದು ಒಲೆ ಮೇಲಿತ್ತು."

ಕನ್ನಡಕದಂಗಡಿಯ ಯಜಮಾನನೂ ಒಬ್ಬ ಹೆಂಗಸಿನ ಮಾತು ಎತ್ತಿದ್ದ. ಮೂರು ಸಲ ಬಂದು ಹುಡುಗಿಯ ಜೊತೆ ಗಂಟೆಗಟ್ಟಲೆ ಹರಟಿದ ಗಿರಾಕಿ. ಮುಖ ನೆನಪಿಲ್ಲ ಎಂದಿದ್ದ. ನೆನಪಿದ್ದದ್ದು ಒಂದೇ, ಆಕೆ ಮಾಡಿಸಿಕೊಂಡ ಕನ್ನಡಕಕ್ಕೆ ಪವರ್ರೇ ಇರಲಿಲ್ಲ. ಬರೀ ಗಾಜು.

"ಅಮ್ಮ, ಇವತ್ತು ಬಿಟ್ರೆ ಇನ್ನೊಂದು ವಾರ. ಅಷ್ಟರಲ್ಲಿ ಇನ್ನೊಬ್ಬಳು ಹೋಗಬಹುದು."

"ಇವತ್ತು ನೀವು ಎಡವಿದ್ರೆ ಇವಳು ಹೋಗ್ತಾಳೆ. ನಾನು ನಂಬಿದೀನಿ ಅಂತ ಅವರು ನಂಬಿರೋವರೆಗೆ ತಾನೆ ಇವಳಿಗೆ ಉಸಿರು? ಆಮೇಲೆ ಇವಳಿಂದ ಅವರಿಗೆ ಏನಾಗಬೇಕು? ಒಬ್ಬಳನ್ನ ಕಳ್ಕೊಂಡೆ. ಇನ್ನೊಬ್ಬಳನ್ನ ನನ್ನ ಕೈಯಾರೆ ಕಳಿಸಲಾ?"

ಪತ್ತೇದಾರ ಎದ್ದು ಕಿಟಕಿಯ ಬಳಿ ಹೋದ. ಕಾನೂನಿನ ಮಾತು ಹೇಳಬಹುದಿತ್ತು. ಫೋನು ಮುಟ್ಟಲು ತಾಯಿಯ ಅನುಮತಿಯೂ ಬೇಕಿರಲಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು, ತಂತಿಗೂ ಗೊತ್ತಿರದ ಮಾತು.

"ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷ. ಅವಳ ಆಫೀಸಿನ ಫೋನಲ್ಲಿ ಅವಳದೇ ದನಿ ರೆಕಾರ್ಡ್ ಆಗಿತ್ತು. 'ನಾನು ಸೀಟಿನಲ್ಲಿಲ್ಲ, ವಿಷಯ ಹೇಳಿ, ಬಂದ ಮೇಲೆ ಮಾತಾಡ್ತೀನಿ' ಅಂತ. ದಿನಾ ಫೋನ್ ಮಾಡಿ ಕೇಳ್ತಿದ್ದೆ. ಬಂದ ಮೇಲೆ ಮಾತಾಡ್ತೀನಿ ಅಂತಿದ್ಲಲ್ಲ, ಅದಕ್ಕೆ. ಒಂದು ದಿನ ಆ ಸೀಟಿಗೆ ಬೇರೆ ಯಾರನ್ನೋ ಹಾಕಿದ್ರು. ಹೊಸಬ ಎತ್ತಿ ಹಲೋ ಅಂದ."

"ಆಮೇಲೆ?"

"ಆಮೇಲೂ ಸ್ವಲ್ಪ ದಿನ ಮಾಡ್ತಿದ್ದೆ. ಅವನು ಬೈಯಲಿಲ್ಲ. ಒಂದು ದಿನ, 'ಸರ್, ಹಳೇ ಟೇಪ್ ಹುಡುಕಿದೆ, ಸಿಗಲಿಲ್ಲ, ಬೇಜಾರ್ ಮಾಡ್ಕೋಬೇಡಿ' ಅಂದ. ಅವತ್ತಿಂದ ಬಿಟ್ಟೆ."

ತಾಯಿ ಪುಸ್ತಕಗಳ ಮೇಲಿದ್ದ ಕನ್ನಡಕದ ಕಡೆ ನೋಡಿದರು.

"ಹುಡುಗೀನ ಜೀವಂತ ತಂದ್ಕೊಡ್ತೀನಿ ಅಂತ ಮಾತು ಕೊಡಿ."

"ಕೊಡೋಕಾಗಲ್ಲಮ್ಮ. ಕೈಲಾದಷ್ಟು ಮಾಡ್ತೀನಿ."

"ಇಷ್ಟೇನಾ?"

"ಇಷ್ಟೇ."

ಅವರು ಫೋನಿನ ಮೇಲಿನ ಕೈ ತೆಗೆದರು. ಮಾತು ಕೊಟ್ಟಿದ್ದರೆ ಬಹುಶಃ ತೆಗೆಯುತ್ತಿರಲಿಲ್ಲ.

ನಾಲ್ಕು ಗಂಟೆ ಎರಡು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಎರಡನೇ ಸಲ ಬಡಿದಾಗ ತಾಯಿ ಎತ್ತಿದರು. ಒಳಕೋಣೆಯಲ್ಲಿ ತಂತಿ ಒಂದು ಕಿವಿಗೊಳವೆ ತಾನಿಟ್ಟುಕೊಂಡು ಇನ್ನೊಂದನ್ನು ಪತ್ತೇದಾರನಿಗೆ ಕೊಟ್ಟ.

"ಅಮ್ಮಾ, ನಾನು."

ಎಳೆಯ ದನಿ. ಕೊನೆಯ ಅಕ್ಷರವನ್ನು ತುಸು ಎಳೆದು, ಕೆಳಕ್ಕೆ ಬಿಡುವ ದನಿ.

"ಪುಟ್ಟಿ, ಊಟ ಆಯ್ತಾ?"

"ಆಯ್ತು. ನಿನ್ನ ಮೊಣಕಾಲು ಹೇಗಿದೆ?"

"ಮೆಟ್ಟಿಲು ಹತ್ತುವಾಗ ಹಿಡಿಯುತ್ತೆ. ನೀನು ಸಣ್ಣವಳಿದ್ದಾಗ ಈ ಮೆಟ್ಟಿಲಲ್ಲೇ ಬಿದ್ದಿದ್ದೆ, ನೆನಪಿದೆಯಾ?"

ಹಾಳೆ ಜಾರಿದ ಸದ್ದು. ಪತ್ತೇದಾರನಿಗೆ ಸ್ಪಷ್ಟವಾಗಿ ಕೇಳಿಸಿತು.

"ಹೂಂ. ಗದ್ದಕ್ಕೆ ಎರಡು ಹೊಲಿಗೆ ಹಾಕಿದ್ರು."

ತಂತಿ ಎರಡು ಬೆರಳು ತೋರಿಸಿದ. ಎರಡು ನಿಮಿಷ. ತಾಯಿ ಪುಸ್ತಕದ ವಿಷಯ ಹೇಳಿದರು, ನೀರಿನ ಪೈಪು ಒಡೆದ ವಿಷಯ ಹೇಳಿದರು. ಹುಡುಗಿ ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದಳು. ಬಾಯಿಪಾಠದ ಹೂಂ ಅಲ್ಲ ಅದು. ಕೇಳಲು ಆಸೆಯಿದ್ದವರ ಹೂಂ. ತಂತಿ ಮೂರು ಬೆರಳು ಎತ್ತಿದ.

ಆಗ ತಾಯಿ, ಯಾರೂ ಹೇಳಿಕೊಡದ ಮಾತು ಆಡಿದರು.

"ಮಗಾ, ನೀನು ಯಾರ ಮಗಳು?"

ಆ ಕಡೆ ಈ ಸಲ ಹಾಳೆ ಜಾರಲಿಲ್ಲ.

"ಹೆದರಬೇಡ. ನನಗೆ ಮೊದಲಿಂದ ಗೊತ್ತು. ನನಗೆ ಕೋಪ ಇಲ್ಲ. ನೀನು ಇಲ್ಲಿಗೆ ಬಂದ್ಬಿಡು. ಪುಟ್ಟಿ ಮಂಚ ಹಾಗೇ ಇದೆ. ಬೇರೆ ಯಾರಿಗೂ ಹೇಳಲ್ಲ."

ತಂತಿ ತಲೆ ಮೇಲೆ ಕೈ ಹೊತ್ತ. ಪತ್ತೇದಾರ ಬಾಗಿಲ ಸಂದಿನಿಂದ ನೋಡಿದ. ತಾಯಿ ರಿಸೀವರನ್ನು ಎರಡೂ ಕೈಯಿಂದ ಹಿಡಿದು, ಅದರ ಮೇಲೆ ಬಾಗಿ ಕೂತಿದ್ದರು.

"ಅಮ್ಮಾ," ಎಂದಿತು ದನಿ. "ನಾನು ಬರೋಕೆ..."

ಯಾರೋ ರಿಸೀವರಿನ ಬಾಯಿ ಮುಚ್ಚಿದರು. ಕುರ್ಚಿ ಸರಿದ ಸದ್ದು. ಹದಿನೈದು ಸೆಕೆಂಡು ಏನೂ ಇಲ್ಲ. ಆಮೇಲೆ ಅದೇ ದನಿ ಮತ್ತೆ ಬಂತು, ಈ ಸಲ ತಡವರಿಸದೆ.

"ಬರ್ತೀನಿ ಅಮ್ಮ. ಇವತ್ತೇ ಬರ್ತೀನಿ. ಬಾಗಿಲು ನೀನೇ ತೆಗಿ."

ಲೈನು ಸತ್ತಿತು.

"ಹತ್ತು ಸೆಕೆಂಡು, ಸರ್," ಎಂದ ತಂತಿ. "ಇನ್ನೊಂದು ಹತ್ತು ಸೆಕೆಂಡು ಸಿಕ್ಕಿದ್ರೆ ಮನೆ ನಂಬರೇ ಸಿಗ್ತಿತ್ತು. ಎಕ್ಸ್‌ಚೇಂಜ್ ಮಾತ್ರ ಗೊತ್ತಾಯ್ತು. ಇದೇ ಬಡಾವಣೆ. ನಡೆದು ಬಂದ್ರೆ ಹದಿನೈದು ನಿಮಿಷ, ಇಪ್ಪತ್ತು ನಿಮಿಷ."

ಪತ್ತೇದಾರ ಅವನನ್ನು ಕೆಳಗೆ ಕಳಿಸಿದ. ಗೇಟಿನಲ್ಲಿರುವವರಿಗೆ ಹೇಳು, ಇಪ್ಪತ್ತೈದರ ಆಸುಪಾಸಿನ ಹುಡುಗಿ ಯಾರೇ ಬಂದರೂ ತಡೆಯಬೇಡಿ, ಹಿಂದೆ ಯಾರಿದ್ದಾರೆ ನೋಡಿ. ತಂತಿ ಎರಡೆರಡು ಮೆಟ್ಟಿಲು ಹಾರುತ್ತ ಇಳಿದ.

ತಾಯಿ ಮೇಜಿನ ಮೇಲಿದ್ದ ಪುಸ್ತಕಗಳನ್ನು ಒಂದು ಬದಿಗೆ ಜೋಡಿಸಿದರು. ಒಂದು ಕುರ್ಚಿ ಒರೆಸಿದರು. ಕನ್ನಡಿಯ ಮುಂದೆ ನಿಂತು ಕೂದಲು ಸರಿ ಮಾಡಿಕೊಂಡರು, ಮದುವೆಗೆ ಬಂದ ಬೀಗರು ಬಾಗಿಲಲ್ಲಿದ್ದ ಹಾಗೆ.

"ಬೈಬೇಡಿ ನನ್ನನ್ನ," ಎಂದರು ಕನ್ನಡಿಯೊಳಗಿಂದಲೇ. "ಕೇಳದೇ ಇರೋಕಾಗಲಿಲ್ಲ."

"ಬೈಯಲ್ಲ. ಬಾಗಿಲು ತೆಗೆದ ತಕ್ಷಣ ನೀವು ಪಕ್ಕಕ್ಕೆ ಬಂದ್ಬಿಡಿ. ಅಷ್ಟು ಮಾಡಿ."

ಅವರು ತಲೆಯಾಡಿಸಿದರು. ಅವನು ಒಳಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟುಕೊಂಡು ನಿಂತ. ಕೈಯಲ್ಲಿ ಪಿಸ್ತೂಲು ಇತ್ತು. ಮನಸ್ಸು ಮಾತ್ರ ಆ ಕೊನೆಯ ಮಾತಿನ ಸುತ್ತಲೇ ಸುತ್ತುತ್ತಿತ್ತು. ಎಲ್ಲೋ ಏನೋ ಸರಿಯಿರಲಿಲ್ಲ. ದನಿ ಅದೇ, ಆದರೆ ಏನು ತಪ್ಪಿದೆ ಎಂದು ಹಿಡಿಯಲಾಗುತ್ತಿರಲಿಲ್ಲ.

ನಾಲ್ಕೂವರೆಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನಿಧಾನದ ಹೆಜ್ಜೆ, ಪ್ರತಿ ಮಹಡಿಗೂ ನಿಂತು ಸುಧಾರಿಸಿಕೊಳ್ಳುವ ಹೆಜ್ಜೆ. ಬಾಗಿಲಿಗೆ ಎರಡು ಸಲ ಮೆತ್ತಗೆ ತಟ್ಟಿದರು.

ತಾಯಿ ಬಾಗಿಲು ತೆಗೆದರು.

ಹೊರಗೆ ನಿಂತಿದ್ದವಳಿಗೆ ಅರವತ್ತು ದಾಟಿತ್ತು. ತಲೆಯ ಒಂದು ಕೂದಲೂ ಕಪ್ಪಿರಲಿಲ್ಲ. ಕಣ್ಣಿಗೆ ಪವರಿಲ್ಲದ ಬರೀ ಗಾಜಿನ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ, ಕಾಲಿಗೆ ಮೆತ್ತನೆಯ ಚಪ್ಪಲಿ. ತಾಯಿಗಿಂತ ಹತ್ತು ವರ್ಷ ದೊಡ್ಡವಳು. ಗೇಟಿನಲ್ಲಿದ್ದ ಪೇದೆಗಳು ಬಹುಶಃ ಮುದುಕಿಯೆಂದು ದಾರಿ ಬಿಟ್ಟು ನಿಂತಿದ್ದರು.

"ಯಾರು ಬೇಕಿತ್ತು?" ಎಂದರು ತಾಯಿ.

ಹೆಂಗಸು ಬಾಯಿ ತೆರೆದಳು. ಆ ಸುಕ್ಕುಗಟ್ಟಿದ ಮುಖದಿಂದ ಇಪ್ಪತ್ನಾಲ್ಕರ ಹುಡುಗಿ ಮಾತಾಡಿದಳು.

"ಅಮ್ಮ, ನಾನು."

ಪಕ್ಕಕ್ಕೆ ಬರಬೇಕಿದ್ದ ತಾಯಿ ಕದಲಲಿಲ್ಲ. ಪತ್ತೇದಾರನಿಗೆ ಅವರ ಮುಖದ ಒಂದು ಬದಿ ಮಾತ್ರ ಕಾಣುತ್ತಿತ್ತು. ಅಲ್ಲಿ ಭಯವಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು, ಎದುರಿನ ಮುಖ ಅಡ್ಡ ಬರದಿರಲಿ ಎಂಬಂತೆ.

"ಇನ್ನೊಂದು ಸಲ ಕರಿ," ಎಂದರು.

ಇಬ್ಬರ ನಡುವೆ ಗೇಣು ಜಾಗವೂ ಇರಲಿಲ್ಲವಾದ್ದರಿಂದ ಪಿಸ್ತೂಲು ಎತ್ತುವಂತಿರಲಿಲ್ಲ. ಅವನು ಹೆಜ್ಜೆ ಮುಂದಿಡಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲಿ, ತಂತಿಯ ಪೆಟ್ಟಿಗೆಯ ಮೇಲಿನ ಸಣ್ಣ ದೀಪ ಮಿನುಗಿತು. ಮುಂದಿನ ಕೋಣೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಇಬ್ಬರು ಹೆಂಗಸರೂ ಅದರ ಕಡೆ ತಿರುಗಲಿಲ್ಲ.

ಪತ್ತೇದಾರ ಎಡಗೈಯಿಂದ ಪೆಟ್ಟಿಗೆಯ ಗುಂಡಿ ಒತ್ತಿ ಕಿವಿಗೊಳವೆ ಎತ್ತಿಕೊಂಡ.

ಮೊದಲು ಕೆಮ್ಮು. ಆಮೇಲೆ ಪಿಸುದನಿ, ಕೊನೆಯ ಅಕ್ಷರವನ್ನು ತುಸು ಎಳೆದು ಕೆಳಕ್ಕೆ ಬಿಡುವ ದನಿ.

"ಅಮ್ಮಾ, ಬಾಗಿಲು ತೆಗೀಬೇಡ. ಬರ್ತಿರೋದು ನಾನಲ್ಲ."

ಮುಂದಿನ ಕೋಣೆಯಲ್ಲಿ ತಾಯಿ, "ಒಳಗೆ ಬಾ," ಎಂದರು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ್ದು ತಾಯಿಯಲ್ಲ.